ಅಯ್ಯೋ ನನ್ ಕರ್ಮ

ಹೋದ ವಾರ ಮಗಳು ಹಾಲ್‌ನಲ್ಲಿ ಅಡುಗೆ ಆಟ ಆಡ್ತಾ ಕೂತಿದ್ಲು, ಆರು ವರ್ಷ ಅವಳಿಗೆ, ಪ್ಲಾಸ್ಟಿಕ್ ತಟ್ಟೆ ಕೈ ಜಾರಿ ಬಿತ್ತು ಅಷ್ಟೆ, ತಕ್ಷಣ ಹಣೆ ಚಚ್ಕೊಂಡು "ಅಯ್ಯೋ ನನ್ ಕರ್ಮ, ಬೆಳಿಗ್ಗೆ ಎದ್ದು ಯಾರ್ ಮುಖ ನೋಡಿದ್ನೋ" ಅಂತ ಗೊಂಬೆಗೆ ಹೇಳಿದ್ಲು. ನಮ್ಮನೆಯವ್ರು ಬಿದ್ದು ಬಿದ್ದು ನಕ್ರು. ನಂಗೆ ನಗು ಬರ್ಲಿಲ್ಲ, ಯಾಕಂದ್ರೆ ಡೈಲಾಗು, ರಾಗ, ಹಣೆ ಚಚ್ಕೊಳ್ಳೋ ಸ್ಟೈಲು ಎಲ್ಲಾ ನಂದೇ. (ಬೆಳಿಗ್ಗೆ ಎದ್ದು ಅವಳು ನೋಡೋ ಮುಖಾನೂ ನಂದೇ, ಅದು ಬೇರೆ ವಿಷ್ಯ.)

ಹಿಂದಿನ ದಿನ ತಾನೇ "ಪಾಸಿಟಿವ್ ಆಗಿರ್ಬೇಕು ಪುಟ್ಟಿ" ಅಂತ ಅರ್ಧ ಗಂಟೆ ಕೊರೆದಿದ್ದೆ. ಅದ್ರಲ್ಲಿ ಒಂದಕ್ಷರಾನೂ ಅವಳ ತಲೆಗೆ ಹೋಗಿಲ್ಲ, ಇದು ಮಾತ್ರ ಬಾಯಿಪಾಠ.

ಬಿಎಡ್‌ನಲ್ಲಿ ಓದಿದ್ದು ನೆನಪಾಯ್ತು. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಲಿ ಆಲ್ಬರ್ಟ್ ಬಂಡೂರ ಅನ್ನೋ ಮನಶ್ಶಾಸ್ತ್ರಜ್ಞರು ನರ್ಸರಿಯ 72 ಮಕ್ಕಳನ್ನ ಇಟ್ಕೊಂಡು ಪ್ರಯೋಗ ಮಾಡಿದ್ರು, ಕೆಲವು ಮಕ್ಕಳ ಮುಂದೆ ದೊಡ್ಡೋರೊಬ್ರು ಗಾಳಿ ತುಂಬಿದ ಗೊಂಬೆಗೆ ಗುದ್ದಿ ಬೈದ್ರು, ಇನ್ನು ಕೆಲವರ ಮುಂದೆ ಸುಮ್ನೆ ಆಟ ಆಡ್ಕೊಂಡಿದ್ರು. ಆಮೇಲೆ ಗುದ್ದಿದ್ದು ನೋಡಿದ ಮಕ್ಳು ಅದೇ ಥರ ಗುದ್ದಿದ್ವು, ಬೈಗುಳಾನೂ ಅದೇ. ಪರೀಕ್ಷೆಗೆ ಐದು ಮಾರ್ಕ್ಸಿಗೆ ಬರ್ದು ಮರ್ತಿದ್ದೆ, ಈಗ ನಮ್ಮನೆ ಹಾಲ್‌ನಲ್ಲೇ ಪ್ರಾಕ್ಟಿಕಲ್.

ಲೆಕ್ಕದ ಕಥೆನೂ ಹೀಗೇ. ಅವಳು ಕಳೆಯೋ ಲೆಕ್ಕ ತಪ್ಪು ಮಾಡ್ದಾಗೆಲ್ಲ ಇವ್ರು ಸಮಾಧಾನಕ್ಕೆ ಅಂತ "ಬಿಡು ಚಿನ್ನ, ನಮ್ ವಂಶದಲ್ಲೇ ಯಾರ್ಗೂ ಲೆಕ್ಕ ಹತ್ತಲ್ಲ" ಅಂತಾರೆ. ಪ್ರೀತಿಯಿಂದಾನೇ ಹೇಳೋದು, ಆದ್ರೆ ಅಮೆರಿಕದಲ್ಲಿ ಒಂದು, ಎರಡನೇ ಕ್ಲಾಸ್ ಮಕ್ಕಳ ಮೇಲೆ ಮಾಡಿ 2015ರಲ್ಲಿ ಬಂದ ಒಂದು ಅಧ್ಯಯನ ಇದೆ, ಗಣಿತ ಅಂದ್ರೆ ಹೆದರೋ ಅಪ್ಪ ಅಮ್ಮ ಪದೇ ಪದೇ ಹೋಮ್‌ವರ್ಕ್‌ಗೆ ಕೂತ್ರೆ ಆ ಮಕ್ಳು ವರ್ಷದ ಕೊನೇಲಿ ಗಣಿತ ಕಲಿತಿದ್ದು ಕಮ್ಮಿ, ಭಯ ಜಾಸ್ತಿ. ಹೋಮ್‌ವರ್ಕ್‌ಗೆ ಅಷ್ಟಾಗಿ ಕೂರ್ದೇ ಇದ್ದೋರ ಮನೇಲಿ ಈ ತೊಂದ್ರೆ ಕಾಣ್ಲಿಲ್ಲ. ಇದನ್ನ ಓದಿ ಹೇಳಿದ್ಮೇಲೆ ಇವ್ರು ಹೋಮ್‌ವರ್ಕ್ ಡ್ಯೂಟಿಯಿಂದ ಖುಷಿಯಾಗಿ ರಾಜೀನಾಮೆ ಕೊಟ್ರು!

ಹಂಗಂತ ಇಪ್ಪತ್ನಾಲ್ಕು ಗಂಟೆ ಹಲ್ಲು ಕಿರ್ಕೊಂಡಿರೋಕಾಗುತ್ತಾ? ಎರಡು ದಿನ ಟ್ರೈ ಮಾಡ್ದೆ, "ಅಮ್ಮ ನಿಂಗೆ ಸಿಟ್ಟು ಬಂದಿದ್ಯಾ, ಯಾಕ್ ಹಂಗ್ ನಗ್ತಿದೀಯ" ಅಂತ ಅವಳೇ ಕೇಳಿದ್ಲು. ಆಮೇಲಿಂದ ನೇರವಾಗಿ "ಹೌದು ಪುಟ್ಟಿ, ಸಿಟ್ಟು ಬಂದಿದೆ, ಐದು ನಿಮಿಷ ಬಿಡು" ಅಂತೀನಿ. ಇನ್ನೊಂದು, ಏನಾದ್ರೂ ಕೆಟ್ಟಾಗ ಮುಂದೇನ್ ಮಾಡ್ತೀನಿ ಅನ್ನೋದನ್ನ ಅವಳಿಗೆ ಕೇಳೋ ಹಂಗೆ ಬಾಯ್ಬಿಟ್ಟು ಹೇಳ್ತೀನಿ. ಭಾನುವಾರ ದೋಸೆ ಕಾವಲಿಗೆ ಅಂಟ್ಕೊಂಡು ಚಿಂದಿ ಚಿತ್ರಾನ್ನ ಆಯ್ತು, ಕರ್ಮ ಅನ್ನೋದು ನಾಲಿಗೆ ತುದಿಗೆ ಬಂದಿತ್ತು, ನುಂಗ್ಕೊಂಡು "ಕಾವಲಿ ಜಾಸ್ತಿ ಕಾದಿದೆ, ನೀರು ಚಿಮುಕಿಸ್ತೀನಿ, ಅರ್ಧ ಈರುಳ್ಳಿಗೆ ಎಣ್ಣೆ ಹಚ್ಚಿ ಉಜ್ತೀನಿ" ಅಂದೆ. ಮೂರನೇದು ಸಲೀಸಾಗಿ ಎದ್ದು ಬಂತು.

ನಿನ್ನೆ ಮತ್ತೆ ಅಡುಗೆ ಆಟ. ಗೊಂಬೆಗೆ ದೋಸೆ ಹುಯ್ತಾ ಇದ್ಲು, ಏನಾಯ್ತೋ ಏನೋ, "ಅಯ್ಯೋ ನನ್ ಕರ್ಮ" ಅಂತ ಶುರು ಮಾಡಿ, ನನ್ ಕಡೆ ಒಂದ್ಸಲ ನೋಡಿ, "ಇರು, ಈರುಳ್ಳಿ ತರ್ತೀನಿ" ಅಂತ ಅಡುಗೆಮನೆಗೆ ಓಡಿದ್ಲು.