ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ

ತಾತನ ಅಂಬಾಸಿಡರ್‌ಗೆ ಫ್ಯೂಯಲ್ ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಲ್ಲಿ ಎಂಜಿನ್ನಿಗೆ ಸಿಂಪಡಿಸುವ ವ್ಯವಸ್ಥೆ) ಕೂರಿಸಿದ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅರ್ಧ ಗಂಟೆ ನಿಂತರೆ ಹಿಂದಿನ ಸೀಟಿನವರೆಗೂ ಪೆಟ್ರೋಲ್ ವಾಸನೆ ಬರುತ್ತಿತ್ತು. ಟ್ಯಾಂಕ್ ಮುಟ್ಟಿ ನೋಡಿದರೆ ಬಿಸಿ. ಎಲ್ಲಿಯೂ ಸೋರಿಕೆ ಇರಲಿಲ್ಲ.

ಕಾರಣ ರಿಟರ್ನ್ ಪೈಪಿನಲ್ಲಿತ್ತು, ಅಂದರೆ ಎಂಜಿನ್ ಬಳಸದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ಪೈಪಿನಲ್ಲಿ. ಹಳೆಯ ಯಾಂತ್ರಿಕ ಪಂಪ್ ಕಾರ್ಬ್ಯುರೇಟರಿಗೆ (ಇಂಜೆಕ್ಷನ್ನಿಗೆ ಮೊದಲು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುತ್ತಿದ್ದ ಸಾಧನ) ಬೇಕಾದಷ್ಟನ್ನೇ ಕೊಡುತ್ತದೆ. ಇಂಜೆಕ್ಷನ್ನಿನ ವಿದ್ಯುತ್ ಪಂಪ್ ಸುಮಾರು 3 ಬಾರ್ ಒತ್ತಡದಲ್ಲಿ ಸದಾ ತಳ್ಳುತ್ತಲೇ ಇರುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಅದು ಕುಡಿಯುವುದು ಅತ್ಯಲ್ಪ. ಉಳಿದದ್ದೆಲ್ಲ ಎಂಜಿನ್ನಿನ ಶಾಖ ಹೊತ್ತು ಟ್ಯಾಂಕಿಗೆ ಮರಳುತ್ತದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲು ತೊಡಗುತ್ತವೆ.

ಒಬ್ಬ ಮೆಕ್ಯಾನಿಕ್ ಬ್ರೀದರ್ (ಟ್ಯಾಂಕಿನ ಆವಿ ಹೊರಹೋಗುವ, ಗಾಳಿ ಒಳಬರುವ ಕೊಳವೆ) ಮುಚ್ಚಿಬಿಡಿ ಎಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಬಿಸಿಯಾದಾಗ ಟ್ಯಾಂಕಿನೊಳಗೆ ಒತ್ತಡ ಏರುತ್ತದೆ, ಪೆಟ್ರೋಲ್ ಖಾಲಿಯಾಗುತ್ತ ಹೋದಂತೆ ನಿರ್ವಾತ ಉಂಟಾಗಿ ತಗಡು ಒಳಕ್ಕೆ ನುಗ್ಗಬಹುದು.

ನಾನು ಒತ್ತಡ ನಿಯಂತ್ರಕವನ್ನು (ಪೈಪಿನ ಒತ್ತಡ ಕಾಯ್ದು ಮಿಕ್ಕ ಪೆಟ್ರೋಲನ್ನು ಹಿಂದಕ್ಕೆ ಬಿಡುವ ಸಾಧನ) ಟ್ಯಾಂಕಿನ ಪಕ್ಕಕ್ಕೇ ತಂದೆ. ಈಗ ಹೆಚ್ಚುವರಿ ಪೆಟ್ರೋಲ್ ಎಂಜಿನ್ ಕೋಣೆಯನ್ನು ನೋಡದೆಯೇ ಹಿಂದಿರುಗುತ್ತದೆ, ಮುಂದಕ್ಕೆ ಒಂದೇ ಪೈಪು. ಬ್ರೀದರನ್ನು ಇದ್ದಿಲಿನ ಕ್ಯಾನಿಸ್ಟರ್‌ಗೆ ಜೋಡಿಸಿದೆ. ಅದು ಆವಿಯನ್ನು ಹೀರಿಟ್ಟುಕೊಳ್ಳುತ್ತದೆ, ಗಾಡಿ ಓಡುವಾಗ ಪರ್ಜ್ ವಾಲ್ವ್ ತೆರೆದು ಅದನ್ನು ಎಂಜಿನ್ನಿಗೆ ಉಣಿಸುತ್ತದೆ. ಸೈಲೆನ್ಸರ್ ಪೈಪಿಗೂ ಟ್ಯಾಂಕಿಗೂ ನಡುವೆ ಅಲ್ಯೂಮಿನಿಯಂ ತಡೆ ಹಾಕಿಸಿದೆ.

ರಬ್ಬರ್ ಹೋಸುಗಳನ್ನೂ ಬದಲಿಸಿ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರಿನ ಮೂಲಕ ಆವಿಯಾಗಿ ಜಿನುಗುತ್ತದೆ, ಹನಿ ಕಾಣುವುದೇ ಇಲ್ಲ. ಈ ಆವಿ ಗಾಳಿಗಿಂತ ಭಾರ. ಮುಚ್ಚಿದ ಗ್ಯಾರೇಜಿನ ನೆಲದಲ್ಲಿ ಶೇಖರವಾದರೆ ಒಂದು ಸ್ವಿಚ್ಚಿನ ಕಿಡಿ ಸಾಕು.