ಪೆಟ್ರೋಲ್ ಹಾಕಿದ ದಿನವೇ ಮೊಂಡು ಹಿಡಿಯೋ ಕಾರು

ಸ್ಯಾನ್ ಹೋಸೆಗೆ ಬಂದು ಆರು ವರ್ಷ ಆಯ್ತು, ಇಲ್ಲಿ ಪಾರ್ಟ್‌ಗಿಂತ ಲೇಬರ್ ಚಾರ್ಜೇ ಜಾಸ್ತಿ, ಹಾಗಾಗಿ ನನ್ನ ಹಳೇ ಕಾರಿನ ಕೆಲಸ ಆದಷ್ಟು ನಾನೇ ಮಾಡ್ಕೊಳ್ತೀನಿ. ಹೋದ ತಿಂಗಳು ಸ್ಮಾಗ್ ಚೆಕ್, ಅಂದ್ರೆ ಕಾರಿನ ಹೊಗೆ ಪರೀಕ್ಷೆಯ ನೋಟಿಸ್ ಬಂದ ವಾರದಲ್ಲೇ ಚೆಕ್ ಇಂಜಿನ್ ಲೈಟ್ ಹತ್ತಿಕೊಳ್ತು. ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರಿಗೆ ಎರಡು ವರ್ಷಕ್ಕೊಂದ್ಸಲ ಈ ಟೆಸ್ಟ್ ಮಾಡಿಸ್ಲೇಬೇಕು, ಲೈಟ್ ಉರೀತಿದ್ರೆ ಫೇಲ್, ಪಾಸಾಗದೆ ರಿಜಿಸ್ಟ್ರೇಷನ್ ರಿನ್ಯೂ ಆಗಲ್ಲ.

ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಸ್ಕ್ಯಾನರ್ ಹಾಕಿ ನೋಡಿದ್ರೆ ಪಿ0455 ಅನ್ನೋ ಕೋಡ್, ಅಂದ್ರೆ ಪೆಟ್ರೋಲ್ ಆವಿ ಹಿಡಿದಿಡೋ ಇವಾಪ್ ಸಿಸ್ಟಮಲ್ಲಿ ದೊಡ್ಡ ಲೀಕ್. ಟ್ಯಾಂಕಲ್ಲಿರೋ ಪೆಟ್ರೋಲ್ ಕಾರು ನಿಂತಿದ್ರೂ ಆವಿ ಆಗ್ತಾನೇ ಇರುತ್ತಲ್ಲ, ಅದು ಹೊರಗೆ ಹೋಗದ ಹಾಗೆ ಇದ್ದಿಲು ತುಂಬಿದ ಒಂದು ಡಬ್ಬಿ ಹಿಡಿದಿಟ್ಕೊಳ್ಳುತ್ತೆ, ಅದೇ ಕ್ಯಾನಿಸ್ಟರ್, ಆಮೇಲೆ ಇಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರ್ಕೊಂಡು ಆ ಆವೀನ ಒಳಗೆಳ್ಕೊಂಡು ಸುಡುತ್ತೆ. ಲಾಸ್ ಏಂಜಲೀಸಿನ ಹೊಗೆಮಂಜಿಗೆ ಈ ಪೆಟ್ರೋಲ್ ಆವಿಯೂ ಒಂದು ಕಾರಣ, ಅದಕ್ಕೇ ಕ್ಯಾಲಿಫೋರ್ನಿಯಾ 1970ರ ಮಾಡೆಲಿಂದಲೇ ಇದನ್ನ ಕಡ್ಡಾಯ ಮಾಡಿದ್ದು.

ಒಂದು ಗ್ಯಾರೇಜಲ್ಲಿ ಸರಿಯಾಗಿ ನೋಡದೇನೇ ಕ್ಯಾನಿಸ್ಟರ್ ಹೋಗಿದೆ, 900 ಡಾಲರ್ ಆಗುತ್ತೆ ಅಂದ್ರು. ನಂಗೆ ಮನಸ್ಸು ಒಪ್ಪಲಿಲ್ಲ. ಟ್ಯಾಂಕಿನ ಮುಚ್ಚಳ ಹೊಸದು ಹಾಕಿ ಕೋಡ್ ಅಳಿಸಿದೆ, ನಾಲ್ಕೇ ದಿನಕ್ಕೆ ಲೈಟ್ ವಾಪಸ್. ಆಗ ನನ್ನ ಹೆಂಡ್ತಿ, "ರೀ, ಪೆಟ್ರೋಲ್ ಹಾಕಿದ ಕೂಡ್ಲೇ ಮಾತ್ರ ಸ್ಟಾರ್ಟ್ ಆಗೋಕೆ ಒದ್ದಾಡುತ್ತೆ, ಗಮನಿಸಿದ್ರಾ?" ಅಂದ್ಲು. ಅದೇ ಸುಳಿವು. ಪರ್ಜ್ ವಾಲ್ವ್ ಮುಚ್ಚದೆ ನಿಂತ್ರೆ ಅದೂ ಲೀಕೇ, ಟ್ಯಾಂಕ್ ತುಂಬುವಾಗ ಎದ್ದ ಆವಿ ಎಲ್ಲಾ ಸೀದಾ ಇಂಜಿನ್ನಿಗೆ ನುಗ್ಗುತ್ತೆ.

ಶನಿವಾರ ಬೆಳಗ್ಗೆ ಕಾರು ಬಯಲಲ್ಲಿ ನಿಲ್ಲಿಸಿ, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಕ್ಯಾನಿಸ್ಟರ್ ಕಡೆಯಿಂದ ಬರೋ ಪೈಪನ್ನ ವಾಲ್ವಿಂದ ಬಿಚ್ಚಿ, ವಾಲ್ವಿನ ಬಾಯಿಗೆ ಬೆರಳಿಟ್ಟೆ. ಆಗ ವಾಲ್ವ್ ಮುಚ್ಚಿರಬೇಕು, ಬೆರಳಿಗೆ ಏನೂ ಗೊತ್ತಾಗಬಾರದು. ಆದ್ರೆ ಬೆರಳನ್ನ ಗಟ್ಟಿಯಾಗಿ ಎಳ್ಕೊಳ್ತು, ತೆಗೆದಾಗ ತುದೀಲಿ ದುಂಡಗೆ ಅಚ್ಚು ಬಿದ್ದಿತ್ತು. ಹೊಸ ವಾಲ್ವ್ 42 ಡಾಲರ್, 10ರ ಸ್ಪ್ಯಾನರಿನ ಒಂದೇ ಬೋಲ್ಟು, ಎರಡು ಪೈಪು, ಒಂದು ವೈರ್ ಸಾಕೆಟ್ಟು, ಅಷ್ಟೇ. ಸಾಕೆಟ್ಟಿನ ಕ್ಲಿಪ್ ಮಾತ್ರ ಹಳೇದಾಗಿ ಗರಿಗರಿ ಆಗಿರುತ್ತೆ, ಜೋರು ಮಾಡಿದ್ರೆ ಮುರಿಯುತ್ತೆ.

ಕೋಡ್ ಅಳಿಸಿ ಸೀದಾ ಟೆಸ್ಟಿಗೆ ಹೋಗೋ ಹಾಗಿಲ್ಲ, ಕಾರು ಕೆಲವು ದಿನ ಓಡಿ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ಳೋಕೆ ಬಿಡ್ಬೇಕು, ಇವಾಪ್ ಪರೀಕ್ಷೆಗಂತೂ ಟ್ಯಾಂಕ್ ಪೂರ್ತಿ ತುಂಬಿರಬಾರದು, ಖಾಲಿನೂ ಇರಬಾರದು. ಅರ್ಧ ಟ್ಯಾಂಕಲ್ಲಿ ವಾರ ಓಡಿಸಿ ಹೋದೆ, ಪಾಸಾಯ್ತು.

ಇದನ್ನೆಲ್ಲ ತುಮಕೂರಲ್ಲಿರೋ ಅಪ್ಪಂಗೆ ಫೋನಲ್ಲಿ ಹೇಳ್ತಿದ್ದೆ. ಈಗಿನ ನಮ್ಮೂರ ಪೆಟ್ರೋಲ್ ಕಾರಲ್ಲೂ ಇದೇ ಡಬ್ಬಿ ಇದೆ ಅಪ್ಪಾ, ಬಂಕಲ್ಲಿ ಗನ್ ಟಕ್ ಅಂತ ನಿಂತ ಮೇಲೂ ತುಂಬಿಸಿದ್ರೆ ಪೆಟ್ರೋಲೇ ಡಬ್ಬಿಗೆ ಇಳಿದು ಇದ್ದಿಲು ಹಾಳಾಗುತ್ತೆ ಅಂದೆ. "ಅಯ್ಯೋ, ನಾನು ಪ್ರತಿ ಸಲ ರೌಂಡ್ ಫಿಗರ್ ಮಾಡಪ್ಪ ಅಂತೀನಲ್ಲೋ" ಅಂದ್ರು. ಮೊನ್ನೆ ವಾಟ್ಸಾಪಲ್ಲಿ ಬಂಕಿನ ಬಿಲ್ ಫೋಟೋ ಕಳ್ಸಿದ್ರು, 1,986 ರೂಪಾಯಿ.