ಲೆಕ್ಕದ ವಕೀಲ ಥ್ಯಾಡಿಯಸ್ ಸ್ಟೀವನ್ಸ್

ನಮ್ಮ ಸಂವಿಧಾನದ 14ನೇ ವಿಧಿಯಲ್ಲಿರುವ ‘ಕಾನೂನಿನ ಸಮಾನ ರಕ್ಷಣೆ’ ಅಮೆರಿಕದ 14ನೇ ತಿದ್ದುಪಡಿಯಿಂದ ಬಂದದ್ದು ಅಂತ ಬೆಂಗಳೂರಿನ ಲಾ ಕಾಲೇಜುಗಳಲ್ಲಿ ಮೊದಲ ವರ್ಷದವರೂ ಹೇಳುತ್ತಾರೆ. ಆ ಸಾಲಿನ ಕರಡು ಓಹಾಯೋದ ಜಾನ್ ಬಿಂಗಮ್ ಅವರದು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟವರು ಪೆನ್ಸಿಲ್ವೇನಿಯಾದ ವಕೀಲ ಥ್ಯಾಡಿಯಸ್ ಸ್ಟೀವನ್ಸ್ (1792–1868). ಅವರ ಮಾತಿನ ಮೊನೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ಮುಖ್ಯ ಅನಿಸುವುದು ಅವರ ಲೆಕ್ಕ.

ಎಣಿಕೆಯ ವಿದ್ಯೆ ಅವರಿಗೆ ಕೋರ್ಟಿನಲ್ಲೇ ಕರಗತವಾಗಿತ್ತು, ಅದೂ ಕೆಟ್ಟ ಕೆಲಸಕ್ಕೆ. ಹೊರರಾಜ್ಯದಿಂದ ತಂದ ಗುಲಾಮರನ್ನು ಆರು ತಿಂಗಳು ಪೆನ್ಸಿಲ್ವೇನಿಯಾದಲ್ಲಿ ಇಟ್ಟುಕೊಂಡರೆ ಅವರು ಸ್ವತಂತ್ರರು ಎಂಬ ಕಾನೂನಿತ್ತು. ಬಂದುಹೋದ ದಿನಗಳನ್ನು ಕೂಡಿಸುವಂತಿಲ್ಲ, ಆರು ತಿಂಗಳು ಒಂದೇ ಸಮನೆ ಇರಬೇಕು ಎಂಬ ವಾದದ ಮೇಲೆ 1821ರಲ್ಲಿ ಅವರು ಮಾಲೀಕನ ಪರ ಗೆದ್ದರು. ಚಾರಿಟಿ ಬಟ್ಲರ್ ಎಂಬಾಕೆ ಬಿಡುಗಡೆ ಕಳೆದುಕೊಂಡಳು. ಆಮೇಲೆ ಅವರು ಜೀವಮಾನವಿಡೀ ನಿಂತದ್ದು ಎದುರು ಪಾಳಯದಲ್ಲಿ.

ದೊಡ್ಡ ಲೆಕ್ಕ 1865ರದು. ಅಲ್ಲಿಯವರೆಗೆ ರಾಜ್ಯಗಳಿಗೆ ಜನಸಂಖ್ಯೆಯ ಮೇಲೆ ಕೆಳಮನೆಯ ಸೀಟು ಹಂಚಲು ಐದು ಜನ ಗುಲಾಮರನ್ನು ಮೂವರೆಂದು ಎಣಿಸುತ್ತಿದ್ದರು. ಗುಲಾಮಗಿರಿ ಹೋದ ಮೇಲೆ ಐವರೂ ಐವರೇ, ಆದರೆ ಓಟು ಮಾತ್ರ ಇಲ್ಲ. ಹಾಗಾಗಿ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟು ಅಂತರ್ಯುದ್ಧ ಸೋತ ದಕ್ಷಿಣದ ರಾಜ್ಯಗಳಿಗೆ ಮುಂದೆ ಸೀಟು ಹೆಚ್ಚಾಗಬೇಕಿತ್ತು!

ವಿಧಾನಸೌಧದಲ್ಲಿ ಹೊಸ ಸದಸ್ಯರಿಗೆ ಪ್ರಮಾಣವಚನ ಬೋಧಿಸುವವರು ಹಂಗಾಮಿ ಸ್ಪೀಕರ್. ಅಮೆರಿಕದ ಕೆಳಮನೆಯಲ್ಲಿ ಸ್ಪೀಕರ್ ಆಯ್ಕೆಯಾಗುವ ತನಕ ಹಿಂದಿನ ಸದನದ ಕ್ಲರ್ಕ್ ಹೆಸರು ಕೂಗುತ್ತಾರೆ. ಸ್ಟೀವನ್ಸ್ ಹಿಡಿದದ್ದು ಈ ಎಳೆಯನ್ನು. 1865ರ ಡಿಸೆಂಬರ್ 4ರಂದು ಕ್ಲರ್ಕ್ ಎಡ್ವರ್ಡ್ ಮೆಕ್‌ಫರ್ಸನ್ ದಕ್ಷಿಣದವರ ಹೆಸರನ್ನೇ ಕೂಗಲಿಲ್ಲ. ಟೆನಿಸ್ಸಿಯ ಹೊರೇಸ್ ಮೇನಾರ್ಡ್ ಎದ್ದುನಿಂತರೂ ಮಾತಿಗೆ ಅವಕಾಶ ಸಿಗಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರು ಕ್ರಿಯಾಲೋಪ ಎತ್ತುವುದಾದರೂ ಹೇಗೆ? ಬೆನ್ನಿಗೇ, ದಕ್ಷಿಣದವರನ್ನು ಸೇರಿಸಿಕೊಳ್ಳಬೇಕೇ ಎಂದು ನೋಡಲು, ಎರಡೂ ಸದನಗಳ 15 ಜನರ ಜಂಟಿ ಸಮಿತಿ ಬಂತು.

ಇದರ ಫಲ ಕಂಡದ್ದು 1866ರ ಏಪ್ರಿಲ್‌ನಲ್ಲಿ. ಅಧ್ಯಕ್ಷ ಜಾನ್ಸನ್ ವೀಟೋ ಮಾಡಿದ ನಾಗರಿಕ ಹಕ್ಕುಗಳ ಮಸೂದೆಯನ್ನು ಕೆಳಮನೆ 122–41ರಲ್ಲಿ ಮತ್ತೆ ಪಾಸು ಮಾಡಿತು. ದಕ್ಷಿಣದ ಹನ್ನೊಂದು ರಾಜ್ಯಗಳವರು ಒಳಗೆ ಕೂತಿದ್ದರೆ ವೀಟೋ ಮೀರಲು ಬೇಕಾದ ಮೂರನೇ ಎರಡರ ಬಹುಮತ ಕೈಕೊಡುತ್ತಿತ್ತು. ಜೂನ್ 13ರಂದು 14ನೇ ತಿದ್ದುಪಡಿಗೆ ಬಿದ್ದದ್ದು 120–32. ಇಂಥ ಅರೆಕೊರೆಯ ಕರಡನ್ನು ಒಪ್ಪಿದ್ದೇಕೆಂದರೆ, ತಾನು ಬದುಕಿರುವುದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ ಎಂದರು ಸ್ಟೀವನ್ಸ್.

ಕೊರೆ ಇದ್ದದ್ದು ತಿದ್ದುಪಡಿಯ ಎರಡನೇ ಭಾಗದಲ್ಲಿ. 21 ದಾಟಿದ ಗಂಡಸರಿಗೆ ಓಟು ತಪ್ಪಿಸಿದ ರಾಜ್ಯಕ್ಕೆ ಅಷ್ಟೇ ಪ್ರಮಾಣದಲ್ಲಿ ಸೀಟು ಕಡಿತ ಎಂದು ಬರೆದರು. ಎಣಿಸಿ ಕತ್ತರಿಸುವ ಕೆಲಸಕ್ಕೆ ಕಾಂಗ್ರೆಸ್ಸೇ ಮನಸ್ಸು ಮಾಡಬೇಕಿತ್ತು, ಮಾಡಲಿಲ್ಲ. ಒಂದು ಸೀಟೂ ಕಡಿತವಾಗಲಿಲ್ಲ.

ಜಮೀನಿನ ಲೆಕ್ಕವಂತೂ ಸದನವನ್ನೇ ದಾಟಲಿಲ್ಲ. ಸುಮಾರು 70,000 ದೊಡ್ಡ ಜಮೀನ್ದಾರರ ಭೂಮಿ ಕಿತ್ತು, ಬಿಡುಗಡೆಯಾದ ಪ್ರತಿ ವಯಸ್ಕ ಗಂಡಸಿಗೆ 40 ಎಕರೆ ಕೊಟ್ಟು, ಉಳಿದದ್ದನ್ನು ಮಾರಬೇಕೆಂದು 1865ರ ಸೆಪ್ಟೆಂಬರಿನಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಹೇಳಿದ್ದರು. ಓಟು ಕೊಡಲು ಒಪ್ಪಿದ ಅವರ ಪಕ್ಷದವರೇ ಆಸ್ತಿಗೆ ಕೈಹಾಕಲು ಹೆದರಿದರು. ದೇವರಾಜ ಅರಸರ ಕಾಲದಲ್ಲಿ ನಮ್ಮ ಗೇಣಿದಾರರಿಗೆ ಭೂ ನ್ಯಾಯಮಂಡಳಿಯ ಮುಂದೆ ಹಾಕಲು ಫಾರಂ 7 ಆದರೂ ಇತ್ತು. ತಾವೇ ದುಡಿದ ತೋಟಗಳ ಮೇಲೆ ಹಕ್ಕು ಕೇಳಲು ಅಲ್ಲಿನ ಹೆಚ್ಚಿನವರಿಗೆ ಅಂಥದೊಂದು ಹಾಳೆಯೂ ಸಿಗಲಿಲ್ಲ.